ಭರತಕ್ಕೆ ಕಾಯುವ ಆಟ

ಸ್ಟಾರ್‌ಡ್ಯೂ ವ್ಯಾಲಿ ಎಂಬ ವಿಡಿಯೊ ಗೇಮಿನಲ್ಲಿ ಮಳೆ ಬಂದರೆ ರೈತನಿಗೆ ಆಗುವುದು ಒಂದೇ: ಅವತ್ತು ಗಿಡಕ್ಕೆ ನೀರು ಹೊಯ್ಯುವ ಕೆಲಸ ತಪ್ಪುತ್ತದೆ. ಇದನ್ನು ಶಿರಸಿ ಸೀಮೆಯ ಅಡಿಕೆ ತೋಟದವರ ಎದುರು ಹೇಳಿ ನೋಡಬೇಕು. ನಾನು ನಮ್ಮ ದೊಡ್ಡಪ್ಪನ ಮಗನಿಗೆ ಹೇಳಿದೆ. ಮಳೆ ಹಿಡಿಯುವ ಮೊದಲೇ ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಸಿ, ಆಮೇಲೂ ಆರಿದ್ರೆ ಮಳೆಯಿಂದ ಆಶ್ಲೇಷೆ ಮುಗಿಯುವವರೆಗೆ ಕೊಳೆರೋಗ ಬಿತ್ತೋ ಇಲ್ಲವೋ ಎಂದು ಮರದ ತಲೆಯನ್ನೇ ನೋಡುತ್ತ ತಿರುಗುವ ಜನ ಅವನು. ಪೂರ್ತಿ ಕೇಳಿಸಿಕೊಂಡು, "ಆ ಊರಲ್ಲಿ ಜಾಗ ಸಿಕ್ತಾ ತಂಗಿ?" ಅಂದ.

ಆ ಊರಲ್ಲಿ ಜಾಗ ಪುಕ್ಕಟೆ. ಅಜ್ಜ ಬರೆದಿಟ್ಟ ಪತ್ರದ ಜೊತೆಗೇ ಬರುತ್ತದೆ. ಪಟ್ಟಣದ ಕಚೇರಿಯಲ್ಲಿ ಕೂತು ಬೇಸತ್ತವನು ಆ ಪತ್ರ ಒಡೆದು, ಬಸ್ಸು ಹತ್ತಿ, ಹಳ್ಳಿಗೆ ಬಂದಿಳಿಯುವುದರಿಂದ ಆಟ ಶುರು. 2016ರಲ್ಲಿ ಬಿಡುಗಡೆಯಾದ ಇದನ್ನು ಎರಿಕ್ ಬರೋನ್ ಎಂಬ ಒಬ್ಬನೇ ಮನುಷ್ಯ ಸುಮಾರು ನಾಲ್ಕೂವರೆ ವರ್ಷ ಕೂತು ಮಾಡಿದ. ಚಿತ್ರ, ಸಂಗೀತ, ಕೋಡು, ಪಾತ್ರಗಳ ಮಾತು ಎಲ್ಲ ಅವನದೇ. ನಾನು ಚಿತ್ರ ಬರೆದು ಹೊಟ್ಟೆ ಹೊರೆಯುವವಳು. ಒಬ್ಬನೇ ಮಾಡಿದ ಎಂಬ ಆ ಮಾತು ತಲೆಯೊಳಗೆ ಹೊಕ್ಕಿದ್ದೇ ಈ ಎಲ್ಲ ಉಪದ್ವ್ಯಾಪಕ್ಕೆ ಕಾರಣ. ನಮ್ಮ ಕಡೆಯದೊಂದು ಆಟ ಯಾಕಿರಬಾರದು?

ಇಂಥ ಆಟಕ್ಕೆ ಕೋಜಿ ಗೇಮ್ ಅನ್ನುತ್ತಾರೆ. ಹಾಗೆಂದರೆ ಏನು ಎಂದು ಆಯಿಗೆ ವಿವರಿಸಲು ಹೋಗಿ ನನಗೇ ಸ್ವಲ್ಪ ಸ್ಪಷ್ಟವಾಯಿತು. ಯಾರೂ ಸಾಯುವುದಿಲ್ಲ. ಗಡಿಬಿಡಿಯಿಲ್ಲ. ಸೋತೆ ಎಂದು ಪರದೆಯ ಮೇಲೆ ಕೆಂಪಕ್ಷರ ಬರುವುದಿಲ್ಲ. ಬೆಳೆ ಬೆಳೆಯುವುದು, ಮೀನು ಹಿಡಿಯುವುದು, ಮನೆ ಓರಣ ಮಾಡುವುದು, ಊರವರ ಹತ್ತಿರ ಮಾತಾಡುವುದು. "ಹಾಗಾದ್ರೆ ಆಟ ಎಂತಕ್ಕೆ, ನಾನು ದಿನಾ ಮಾಡುವುದು ಅದನ್ನೇ ಅಲ್ದಾ" ಎಂದು ಆಯಿ ದೋಸೆ ಮಗುಚಿದಳು. ಆಯಿಯ ಮಾತಿಗೆ ಉತ್ತರ ಇದೆ, ಆದರೆ ಅದು ಸ್ವಲ್ಪ ಇರುಸುಮುರುಸಿನದು. ಆಯಿಯ ಕೆಲಸ ನಿಂತರೆ ಮನೆ ನಿಲ್ಲುತ್ತದೆ. ಆಟದ ಕೆಲಸ ನಿಂತರೆ ಏನೂ ಆಗುವುದಿಲ್ಲ. ಆಡುವವರಿಗೆ ಬೇಕಾದದ್ದು ಆ ಎರಡನೆಯದು.

ಈ ಬಗೆಯ ಆಟಗಳ ಮೂಲ ಹುಡುಕುತ್ತ ಹೋದರೆ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತದೆ. 1996ರಲ್ಲಿ ಜಪಾನಿನಲ್ಲಿ ಹಾರ್ವೆಸ್ಟ್ ಮೂನ್ ಮಾಡಿದ ಯಾಸುಹಿರೊ ವಾಡಾ ಹಳ್ಳಿಗಾಡಿನಲ್ಲಿ ಬೆಳೆದು ಟೋಕಿಯೊಗೆ ಬಂದವರು. 2001ರಲ್ಲಿ ಅನಿಮಲ್ ಕ್ರಾಸಿಂಗ್ ತಂದ ಕತ್ಸುಯಾ ಎಗುಚಿ ನಿಂಟೆಂಡೊ ಕೆಲಸಕ್ಕೆಂದು ಚಿಬಾ ಬಿಟ್ಟು ಕ್ಯೋಟೊಗೆ ಬಂದು, ಮನೆಯವರೂ ಗೆಳೆಯರೂ ಹತ್ತಿರವಿಲ್ಲದ ಕೊರಗಿನಲ್ಲಿ ಆ ಆಟ ಯೋಚಿಸಿದವರು. ಹಳ್ಳಿಯನ್ನು ಇಷ್ಟು ಮೆತ್ತಗೆ ಚಿತ್ರಿಸಿದವರೆಲ್ಲ ಊರು ಬಿಟ್ಟವರು. ಅಲ್ಲೇ ಉಳಿದ ರೈತನೊಬ್ಬ ಆಟ ಮಾಡಿದ್ದರೆ ಹೇಗಿರುತ್ತಿತ್ತೋ. ಬಹುಶಃ ಮಳೆ ಬಂದಾಗ ಹಿನ್ನೆಲೆ ಸಂಗೀತ ಬೇರೆಯಾಗಿರುತ್ತಿತ್ತು.

ನಾನೂ ಬೆಂಗಳೂರಿಗೆ ಹೋಗಿ ಕುಮಟಾಕ್ಕೆ ಲ್ಯಾಪ್‌ಟಾಪ್ ಹೊತ್ತುಕೊಂಡು ಮರಳಿದವಳು. ಆದ್ದರಿಂದ ನನ್ನ ಮೊದಲ ಕಲ್ಪನೆ ಅಪ್ಪಟ ಊರು ಬಿಟ್ಟವರ ಕಲ್ಪನೆಯೇ: ಶಿರಸಿಯ ಅಡಿಕೆ ತೋಟ. ಗೇಮಿಗೆ ಹೇಳಿ ಮಾಡಿಸಿದ ಜಾಗ ಅದು. ಮೇಲೆ ಅಡಿಕೆ, ಅದಕ್ಕೆ ಹಬ್ಬಿದ ಕಾಳುಮೆಣಸು, ನಡುವೆ ಬಾಳೆ, ಕೆಳಗೆ ಏಲಕ್ಕಿ; ಒಂದೇ ಜಾಗದಲ್ಲಿ ನಾಲ್ಕು ಅಂತಸ್ತಿನ ಕೆಲಸ. ತೋಟಕ್ಕೆ ಸೊಪ್ಪು ತರಲು ಸೊಪ್ಪಿನ ಬೆಟ್ಟ, ನಮ್ಮ ಜಿಲ್ಲೆಯಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ. ಸುಲಿದು, ಬೇಯಿಸಿ, ಅಟ್ಟದ ಮೇಲೆ ಒಣಗಿಸಿದರೆ ಕೆಂಪಡಿಕೆ. ಹಣ್ಣಾಗಲು ಬಿಟ್ಟು ಸಿಪ್ಪೆ ಸಮೇತ ಒಣಗಿಸಿದರೆ ಚಾಲಿ. ಇದನ್ನೆಲ್ಲ ಚಿತ್ರ ಬರೆದು ಬಣ್ಣ ಹಚ್ಚುವ ಹೊತ್ತಿಗೆ ನನಗೇ ಅಲ್ಲಿ ಹೋಗಿ ಕೂರುವ ಆಸೆ ಹುಟ್ಟಿತು.

ಅಣ್ಣ ಹಾಳೆ ತಿರುವಿ ನೋಡಿ, ಚೆನ್ನಾಗಿದೆ ಅಂದು, ಒಂದೊಂದೇ ಕೇಳತೊಡಗಿದ. ಕೊನೆಗೌಡ ಎಲ್ಲಿ? ಅವನು ಬರದ ದಿನ ಕೊನೆ ಕೊಯ್ಯುವವರು ಯಾರು? ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾಯಬೇಕಲ್ಲ, ಅಷ್ಟು ದಿನ ಆಟಗಾರ ಏನು ತಿನ್ನುತ್ತಾನೆ? ದರ ಬಿದ್ದರೆ? ನನ್ನ ಹತ್ತಿರ ಉತ್ತರಗಳಿದ್ದವು; ಐದು ವರ್ಷವನ್ನು ಐದು ನಿಮಿಷ ಮಾಡುವುದು ಗೇಮಿನಲ್ಲಿ ದೊಡ್ಡ ಮಾತಲ್ಲ. ನನ್ನನ್ನು ನಿಲ್ಲಿಸಿದ್ದು ಬೇರೆ. ಪಟ್ಟಣದಿಂದ ಮೊಮ್ಮಗ ಬಂದು ಅಜ್ಜನ ತೋಟ ಬೆಳಗಿಸುವ ಕಥೆಯನ್ನು ಘಟ್ಟದ ಮೇಲಿನ ಯಾವ ಮನೆಯ ಜಗಲಿಯಲ್ಲಿ ಕೂತು ಹೇಳುವುದು? ಮನೆ ಮನೆಯಲ್ಲೂ ಇಬ್ಬರೇ ವಯಸ್ಸಾದವರು, ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ. ಮೊಮ್ಮಗ ಬರುವುದು ರಜೆಗೆ. ಆ ಕಥೆ ಅಲ್ಲಿಯವರಿಗೆ ಹಿತವಲ್ಲ, ಚುಚ್ಚುವಂಥದ್ದು. ಹೋಮ್‌ಸ್ಟೇ ಜಾಹೀರಾತಿನ ವಾಸನೆಯೂ ಅದಕ್ಕೆ ಬಂದುಬಿಡುತ್ತದೆ. ಆ ಹಾಳೆಗಳನ್ನು ಕಟ್ಟಿ ಇಟ್ಟೆ.

ಆಮೇಲೆ ನದಿ ಹಿಡಿದು ಕೆಳಗೆ ಬಂದೆ. ಅಘನಾಶಿನಿ ಹುಟ್ಟುವುದೂ ಶಿರಸಿಯಲ್ಲೇ, ಶಂಕರಹೊಂಡದಲ್ಲಿ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ದೊಡ್ಡ ಅಣೆಕಟ್ಟು ಒಂದನ್ನೂ ಕಾಣದೆ, ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಸಮುದ್ರ ಸೇರುತ್ತದೆ. ಅಳಿವೆ ಪ್ರದೇಶ 2024ರಲ್ಲಿ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಆ ಎರಡು ಊರುಗಳ ನಡುವೆ ಈಗಲೂ ತಾರಿ ಇದೆ. ದೋಣಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಆಚೆ ದಡ. ರಸ್ತೆಯಲ್ಲಾದರೆ ಮಿರ್ಜಾನ್ ಮೇಲಿಂದ ಹೆದ್ದಾರಿ ಹಿಡಿದು ದೊಡ್ಡ ಸುತ್ತು. ದೋಣಿಯಲ್ಲಿ ಬೈಕ್ ಹತ್ತುತ್ತದೆ, ಮೀನಿನ ಬುಟ್ಟಿ ಹತ್ತುತ್ತದೆ, ಶಾಲೆ ಚೀಲ ಹತ್ತುತ್ತದೆ, ಗೋಕರ್ಣಕ್ಕೆ ಹೊರಟ ಬೆನ್ನಚೀಲದ ವಿದೇಶಿಯೂ ಹತ್ತುತ್ತಾನೆ.

ತದಡಿ ಧಕ್ಕೆಯಲ್ಲಿ ದೋಣಿಗೆ ಕಾಯುತ್ತ ಕೂತಿದ್ದಾಗ ಇಳಿತವಿತ್ತು. ನದಿಯ ನಡುವೆ ಕೆಸರುದಿಬ್ಬ ಎದ್ದು ನಿಂತು, ಅದರ ಮೇಲೆ ಹೆಂಗಸರು ಬಗ್ಗಿ ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ಹೆಕ್ಕುತ್ತಿದ್ದರು. ಮಾತು, ನಗೆ, ಒಬ್ಬರಿಗೊಬ್ಬರು ಕರೆಯುವುದು ದಡಕ್ಕೆ ಕೇಳುತ್ತಿತ್ತು. ನೀರು ಏರತೊಡಗಿದಂತೆ ಒಬ್ಬೊಬ್ಬರೇ ಬುಟ್ಟಿ ಎತ್ತಿದರು. ಯಾರೂ ಗಡಿಯಾರ ನೋಡಲಿಲ್ಲ, ಇನ್ನೊಂದಿಷ್ಟು ಹೆಕ್ಕಬಹುದಿತ್ತು ಎಂದು ಯಾರೂ ಪೇಚಾಡಿದ ಹಾಗೆ ಕಾಣಲಿಲ್ಲ. ಭರತ ಬಂತು, ಕೆಲಸ ಮುಗಿಯಿತು, ಅಷ್ಟೆ. ಬೆನ್ನು ನೋಯುವ ಕೆಲಸ ಅದು, ಚಿಪ್ಪು ಕಾಲು ಕೊಯ್ಯುತ್ತದೆ. ಆದರೆ ಅದನ್ನು ನಿಲ್ಲಿಸಿದ್ದು ಅವರ ಸೋಮಾರಿತನವೂ ಅಲ್ಲ, ಮಾಲೀಕನ ಸೀಟಿಯೂ ಅಲ್ಲ.

ಕೋಜಿ ಗೇಮುಗಳಲ್ಲಿ ನನಗೆ ಮೊದಲಿಂದ ಕಿರಿಕಿರಿ ಮಾಡುತ್ತಿದ್ದದ್ದು ಏನು ಎಂದು ಆಗ ಗೊತ್ತಾಯಿತು. ಹಿತವಾದ ಆಟ ಎಂದು ಹೆಸರು, ಆದರೆ ಪರದೆಯ ಮೂಲೆಯಲ್ಲಿ ಶಕ್ತಿಯ ಪಟ್ಟಿ ಇಳಿಯುತ್ತಿರುತ್ತದೆ. ಸ್ಟಾರ್‌ಡ್ಯೂದಲ್ಲಿ ರಾತ್ರಿ ಎರಡು ಗಂಟೆಯೊಳಗೆ ಹಾಸಿಗೆ ಸೇರದಿದ್ದರೆ ತಲೆತಿರುಗಿ ಬೀಳುತ್ತೀರಿ, ಜೇಬಿನ ದುಡ್ಡೂ ಸ್ವಲ್ಪ ಹೋಗುತ್ತದೆ. ಪ್ರತಿ ದಿನವನ್ನೂ ಹಿಂಡಿ ಹಿಪ್ಪೆ ಮಾಡುವ ಲೆಕ್ಕಾಚಾರದಲ್ಲಿ ಆಡುವವರೇ ಹೆಚ್ಚು. ನಾನೂ ಹಾಗೇ ಆಡಿದೆ. ಕಚೇರಿಯಿಂದ ಓಡಿಬಂದವನು ಹಳ್ಳಿಯಲ್ಲಿ ಮತ್ತೆ ಕಚೇರಿಯನ್ನೇ ಕಟ್ಟಿಕೊಳ್ಳುತ್ತಾನೆ. ಇದಕ್ಕೆ ಹೋಲಿಸಿದರೆ ಅನಿಮಲ್ ಕ್ರಾಸಿಂಗ್ ಜಾಣ ಆಟ. ಅಲ್ಲಿ ಮನೆ ಸಾಲಕ್ಕೆ ಬಡ್ಡಿಯಿಲ್ಲ, ಗಡುವಿಲ್ಲ. ನಿಜವಾದ ಗಡಿಯಾರದ ಪ್ರಕಾರವೇ ಅಲ್ಲೂ ಬೆಳಗಾಗುತ್ತದೆ, ಅಂಗಡಿ ಮುಚ್ಚಿದರೆ ನಾಳೆ ಬರಬೇಕು. 2020ರ ಮಾರ್ಚ್ 20ರಂದು ಅದರ ಹೊಸ ಆವೃತ್ತಿ ಬಂದಾಗ ಜಗತ್ತೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಹೊರಗೆ ಎಲ್ಲ ಮುಚ್ಚಿದ್ದಾಗ, ನಾಳೆ ತೆರೆಯುತ್ತದೆ ಎಂದು ಖಾತ್ರಿ ಕೊಡುವ ಅಂಗಡಿಯೊಂದು ಜನರಿಗೆ ಬೇಕಿತ್ತು.

ನನ್ನ ಆಟದಲ್ಲಿ ಶಕ್ತಿಯ ಪಟ್ಟಿ ಇಲ್ಲ. ಭರತ, ಇಳಿತ ಇವೆ.

ಇದರ ಲೆಕ್ಕ ಮಾಡುವಾಗ ಸಿಕ್ಕ ಸಂತೋಷವನ್ನು ಇಲ್ಲಿ ಸ್ವಲ್ಪ ಕೊಚ್ಚಿಕೊಳ್ಳಲೇಬೇಕು. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನದಿಂದ ದಿನಕ್ಕೆ ಭರತ ಸುಮಾರು 50 ನಿಮಿಷ ತಡ. ಹಳೆಯ ಲೆಕ್ಕದಲ್ಲಿ ಒಂದು ಘಳಿಗೆಗೆ 24 ನಿಮಿಷ, ದಿನಕ್ಕೆ 60 ಘಳಿಗೆ. ಎರಡು ಘಳಿಗೆ ಎಂದರೆ 48 ನಿಮಿಷ, ಹೆಚ್ಚುಕಡಿಮೆ ಭರತ ತಡವಾಗುವಷ್ಟೇ. ಆಟದ ಒಂದು ದಿನಕ್ಕೆ ನಮ್ಮ ಒಂದು ಘಳಿಗೆ ಇಟ್ಟೆ. ಆಗ ಆಟದ ಒಂದು ಗಂಟೆ ನಮ್ಮ ಒಂದು ನಿಮಿಷವಾಗುತ್ತದೆ. ಹನ್ನೆರಡು ನಿಮಿಷ ಚಿಲ್ಲರೆಗೊಮ್ಮೆ ಹೊಳೆ ತುಂಬುತ್ತದೆ, ದಿನಾ ಐವತ್ತು ಸೆಕೆಂಡ್ ತಡವಾಗಿ. ನಿನ್ನೆ ಬೆಳಿಗ್ಗೆ ಸಲೀಸಾಗಿ ದಾಟಿದ ಜಾಗದಲ್ಲಿ ಇಂದು ಅದೇ ಹೊತ್ತಿಗೆ ದೋಣಿ ತಳ ಹಿಡಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಜೋರಾಗಿ ಏರಿ ಜೋರಾಗಿ ಇಳಿಯುತ್ತದೆ. ಅಷ್ಟಮಿಯ ಆಸುಪಾಸು ಎರಡೂ ಮಂದ. ಆಟಗಾರನಿಗೆ ಇದನ್ನು ಯಾವ ಬಾಣದ ಗುರುತೂ ತೋರಿಸುವುದಿಲ್ಲ. ಗೋಡೆಯ ಮೇಲೆ ತಿಥಿ ಹಾಕಿದ ಕ್ಯಾಲೆಂಡರ್ ಇರುತ್ತದೆ, ನೋಡಿ ಕಲಿಯಬೇಕು.

ಆಟಗಾರ ತಾರಿ ದೋಣಿ ನಡೆಸುವವನು. ದೋಣಿ ಅವನದಲ್ಲ, ಹೊಳೆಯೂ ಅವನದಲ್ಲ. ಬಂದವರನ್ನು ದಾಟಿಸುವುದು ಕೆಲಸ. ಬೇಸಿಗೆಯಲ್ಲಿ ಅಳ್ವೆಕೋಡಿ ಕಡೆಯ ಸಿಹಿ ಈರುಳ್ಳಿಯ ಗೊಂಚಲು ಹೊತ್ತವರು ಬರುತ್ತಾರೆ, ಸಾಣಿಕಟ್ಟೆಯ ಆಗರದ ಉಪ್ಪಿನ ಚೀಲ ಬರುತ್ತದೆ, ಯಕ್ಷಗಾನ ಮೇಳದ ಪೆಟ್ಟಿಗೆಗಳು ಬರುತ್ತವೆ (ಕಿರೀಟದ ಪೆಟ್ಟಿಗೆ ನೀರಿಗೆ ತಾಗಬಾರದು, ಅದನ್ನು ಎಲ್ಲಿಡಬೇಕೆಂಬುದೇ ಒಂದು ಪುಟ್ಟ ಒಗಟು). ಇಳಿತವಿದ್ದರೆ ಎಲ್ಲರೂ ಕಾಯಬೇಕು. ಕಾಯುವವರು ಮಾತಾಡುತ್ತಾರೆ. ಈ ಆಟದ ಕಥೆಯೆಲ್ಲ ಇರುವುದು ಆ ಕಾಯುವ ಹೊತ್ತಿನಲ್ಲೇ. ಗಂಟೆಗೊಂದು ಬಸ್ಸಿರುವ ಊರಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೆಂಗಳೂರಿನ ಗೆಳೆಯನೊಬ್ಬ, ಗೇಮ್ ಕಂಪನಿಯಲ್ಲೇ ಇರುವವನು, ಫೋನಿನಲ್ಲಿ ಎಲ್ಲ ಕೇಳಿ, "ಪ್ರೋಗ್ರೆಶನ್ ಎಲ್ಲಿದೆ ಮಾರಾಯ್ತಿ? ಮೊದಲು ಸಣ್ಣ ದೋಣಿ, ಆಮೇಲೆ ದೊಡ್ಡ ದೋಣಿ, ಆಮೇಲೆ ಲಾಂಚು ಕೊಡು" ಅಂದ. ಅವನ ಮಾತು ತೆಗೆದುಹಾಕುವಂಥದ್ದಲ್ಲ. ಏನೋ ಒಂದು ಬೆಳೆಯುತ್ತಿರಬೇಕು, ಇಲ್ಲವಾದರೆ ಎರಡನೇ ದಿನ ಯಾರೂ ಆಟ ತೆರೆಯುವುದಿಲ್ಲ. ಆದರೆ ಬೆಳೆಯುವುದು ದೋಣಿಯೇ ಆಗಬೇಕೆಂದಿಲ್ಲ. ಮೊದಲ ವಾರ ಮರಳುದಿಬ್ಬಕ್ಕೆ ಡಿಕ್ಕಿ ಹೊಡೆದ ಆಟಗಾರ ಎರಡನೇ ಹುಣ್ಣಿಮೆ ಹೊತ್ತಿಗೆ ಕಣ್ಣುಮುಚ್ಚಿ ದಾಟುತ್ತಾನೆ. ಅವನ ಕೈಯಲ್ಲಿರುವುದು ಅದೇ ಹಳೆ ದೋಣಿ. ತಿಳಿವಳಿಕೆಯೇ ಆಸ್ತಿ ಎಂದು ಗೆಳೆಯನಿಗೆ ಹೇಳಿದರೆ, "ಟ್ರೇಲರ್‌ನಲ್ಲಿ ಅದನ್ನ ಹೇಗೆ ತೋರಿಸ್ತೆ?" ಎಂದು ಕೇಳಿದ. ಅದಕ್ಕೆ ಇನ್ನೂ ದಾರಿ ಹುಡುಕಬೇಕು.

ಬೇಸಾಯವನ್ನು ಪೂರ್ತಿ ಬಿಡಲು ಮನಸ್ಸಾಗಲಿಲ್ಲ. ಅಳಿವೆಯ ಪಕ್ಕದಲ್ಲೇ ಗಜನಿ, ಉಪ್ಪುನೀರು ಹತ್ತುವ ಗದ್ದೆ, ಇದೆಯಲ್ಲ. ಮಾಣಿಕಟ್ಟೆ ಕಡೆ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಾರೆ. ಮಳೆನೀರು ಮಣ್ಣಿನ ಉಪ್ಪು ತೊಳೆಯುವ ಹೊತ್ತಿಗೆ ಬಿತ್ತನೆ, ಮಳೆಗಾಲ ಕಳೆದ ಮೇಲೆ ಕೊಯ್ಲು, ಆಮೇಲೆ ಒಡ್ಡಿನ ಬಾಗಿಲು ತೆಗೆದು ಉಪ್ಪುನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಶೆಟ್ಲಿ (ಸಿಗಡಿ), ಮೀನು. ಗೊಬ್ಬರ ಬೇಡ, ಔಷಧಿ ಬೇಡ. ಬೇಕಾದದ್ದು ಒಡ್ಡು, ಒಡ್ಡು ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ನೀರು. ಆದ್ದರಿಂದ ಅದು ಒಬ್ಬನೇ ಮಾಡುವ ಬೇಸಾಯ ಆಗಲಾರದು. ಗೇಮುಗಳ ಬೇಸಾಯವೋ ಬೇಲಿ ಹಾಕಿದ ಸ್ವಂತ ಚೌಕ. ನನ್ನ ಆಟಗಾರ ಗಜನಿಯ ಒಡ್ಡಿಗೆ ಮಣ್ಣು ಹಾಕಲು ಊರವರ ಜೊತೆ ಹೋಗುತ್ತಾನೆ, ಕೊಯ್ಲಿಗೆ ಹೋಗುತ್ತಾನೆ, ಪಾಲು ಪಡೆಯುತ್ತಾನೆ. ಎಷ್ಟು ಪಾಲು ಎಂಬುದು ಊರಿನ ತೀರ್ಮಾನ.

ಕಾಲದ ಲೆಕ್ಕಕ್ಕೂ ಪಂಚಾಂಗವೇ ಒದಗಿತು. ಪರದೇಶದ ಆಟಗಳಲ್ಲಿ ವಸಂತ, ಬೇಸಿಗೆ, ಶರತ್ತು, ಚಳಿಗಾಲ ಎಂದು ನಾಲ್ಕು. ಸ್ಟಾರ್‌ಡ್ಯೂದಲ್ಲಿ ಒಂದೊಂದಕ್ಕೂ 28 ದಿನ. ಹಿಮ ಬೀಳುವ ಚಳಿಗಾಲ ಇಟ್ಟುಕೊಂಡು ಕುಮಟಾದಲ್ಲಿ ಏನು ಮಾಡುವುದು? ನಮ್ಮಲ್ಲಿ ಮಿರ್ಗ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷೆ, ಮಘೆ ಎಂದು ಮಳೆಗೇ ಹೆಸರುಗಳಿವೆ, ಒಂದೊಂದಕ್ಕೆ 13–14 ದಿನ. ಪ್ರತಿ ಮಳೆಯ ಸ್ವಭಾವವೂ ಬೇರೆ. ಆಟದ ಅಧ್ಯಾಯಗಳಿಗೆ ಇದಕ್ಕಿಂತ ಒಳ್ಳೆಯ ಹೆಸರು ನಾನು ಕೂತು ಹೊಸೆದರೂ ಸಿಗುತ್ತಿರಲಿಲ್ಲ.

ಮಳೆಗಾಲದ ಭಾಗವೇ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಕಷ್ಟ ಕೊಟ್ಟದ್ದೂ ಅದೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಸಮುದ್ರ ಬಂದ್, 61 ದಿನ. ಬಂದರಿನಲ್ಲಿ ದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಹೊಳೆ ಕೆಂಪಾಗಿ ಹರಿಯುವಾಗ ತಾರಿಯೂ ಎಷ್ಟೋ ದಿನ ನಿಲ್ಲುತ್ತದೆ. ಆಟದ ಮುಖ್ಯ ಕೆಲಸವನ್ನೇ ಎರಡು ತಿಂಗಳು ಕಿತ್ತುಕೊಂಡರೆ ಆಟಗಾರ ಏನು ಮಾಡಬೇಕು? ಬಲೆಯ ಹರುಕು ಹೆಣೆಯಬಹುದು, ಚೆನ್ನೆಮಣೆ ಆಡಬಹುದು, ಬೇಸಿಗೆಯಲ್ಲಿ ಒಣಗಿಸಿಟ್ಟದ್ದನ್ನು ಡಬ್ಬಿಯಿಂದ ತೆಗೆಯಬಹುದು. ಬೇಸಿಗೆಯಲ್ಲಿ ಹಪ್ಪಳ ಒಣಗಿಸದವನಿಗೆ ಆಶ್ಲೇಷೆಯಲ್ಲಿ ಹಪ್ಪಳವಿಲ್ಲ, ಪಕ್ಕದ ಮನೆಯವರು ಕೊಟ್ಟರೆ ಉಂಟು. ಪಕ್ಕದ ಮನೆಯವರು ಕೊಡುತ್ತಾರೆ. ಕೋಜಿ ಆಟದ ಏಕೈಕ ನಿಯಮ ಏನಾದರೂ ನನ್ನದು ಅಂತ ಇದ್ದರೆ ಅದು ಇದೇ ಸಾಲು.

ಶಬ್ದದ ಬಗ್ಗೆ ನನಗೆ ಹುಚ್ಚೇ ಹಿಡಿಯಿತು. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಮಳೆಯ ಶಬ್ದ ಇಂಗ್ಲೆಂಡಿನ ಮಳೆಯದೋ ಎಲ್ಲಿಯದೋ, ಸೌಜನ್ಯದ ಮಳೆ. ನಮ್ಮದು ಕಿವಿ ಕಿವುಡಾಗಿಸುವಂಥದ್ದು. ಹಂಚಿನ ಮೇಲೆ ಒಂದು ಶಬ್ದ, ಅಡಿಕೆ ಸೋಗೆಯ ಮೇಲೆ ಇನ್ನೊಂದು, ಕೊಟ್ಟಿಗೆಯ ತಗಡಿನ ಮೇಲೆ ಬಿದ್ದರೆ ಮನೆಯೊಳಗೆ ಮಾತೇ ಕೇಳುವುದಿಲ್ಲ, ಕೆಸುವಿನ ಎಲೆಯ ಮೇಲೆ ಬಿಡಿ ಬಿಡಿ ಹನಿ. ಮಳೆ ನಿಂತ ಮೇಲೆ ಮಾಡಿನಿಂದ ಇಳಿಯುವ ನೀರಿನದು ಬೇರೆಯೇ. ಛತ್ರಿ ಹಿಡಿದು ಫೋನಿಗೆ ಪ್ಲಾಸ್ಟಿಕ್ ಸುತ್ತಿ ಅಂಗಳದಲ್ಲಿ ನಿಂತ ನನ್ನನ್ನು ನೋಡಿ ಹಾದಿಯಲ್ಲಿ ಹೋಗುವವರು ನೆಟ್‌ವರ್ಕ್ ಸಿಗ್ತಾ ಎಂದು ಕೇಳಿಕೊಂಡು ಹೋದರು. ರೆಕಾರ್ಡ್ ಮಾಡಿದ್ದರಲ್ಲಿ ಅರ್ಧಕ್ಕರ್ಧ ಕಪ್ಪೆಗಳ ದನಿ. ಅದನ್ನು ತೆಗೆಯಲಿಲ್ಲ.

ನಮ್ಮ ಮನೆಯಲ್ಲಿ ಮೀನಿಲ್ಲ. ಮೀನು ತಿನ್ನದ ಮನೆಯವಳು ಅಳಿವೆಯ ಆಟ ಮಾಡಲು ಹೊರಟರೆ ಕೇಳುವವರು ಕೇಳುತ್ತಾರೆ, ಕೇಳಲೂ ಬೇಕು. ಬಂಗಡೆ, ತಾರ್ಲೆ, ಶೆಟ್ಲಿ, ಏಡಿ ನನಗೆ ಬಣ್ಣವಾಗಿ ಗೊತ್ತು, ರುಚಿಯಾಗಿ ಗೊತ್ತಿಲ್ಲ. ಧಕ್ಕೆಯ ಹೆಂಗಸರ ಮಾತನ್ನು ನಾನೇ ಬರೆದರೆ ಅದು ಎಲ್ಲೋ ಪಠ್ಯಪುಸ್ತಕದ ಕನ್ನಡಕ್ಕೆ ಜಾರುತ್ತದೆ. ಅವರ ಪಾತ್ರಗಳ ಮಾತನ್ನು ಅವರ ಓಣಿಯಲ್ಲೇ ಹುಟ್ಟಿದವರು ಬರೆಯಬೇಕು, ಅದಕ್ಕೆ ದುಡ್ಡೂ ಕೊಡಬೇಕು. 2023ರಲ್ಲಿ ಬಂದ ವೆಂಬಾ ಎಂಬ ಆಟ ಇದಕ್ಕೆ ಧೈರ್ಯ ಕೊಟ್ಟಿತು. ಕೆನಡಾಕ್ಕೆ ಹೋದ ತಮಿಳು ಕುಟುಂಬವೊಂದರ ಅಡುಗೆಮನೆ, ಹರಿದುಹೋದ ಅಡುಗೆ ಪುಸ್ತಕ, ಇಡ್ಲಿ ಪಾತ್ರೆ. ಯಾರಿಗೂ ಅರ್ಥವಾಗಲಿಕ್ಕಿಲ್ಲ ಎಂದು ಅವರು ಇಡ್ಲಿಯನ್ನು ಕೇಕ್ ಮಾಡಲಿಲ್ಲ.

ಉಳಿದದ್ದು ಸೇತುವೆ. ಈ ಆಟದಲ್ಲಿ ಸೇತುವೆ ಆಗಬೇಕೋ ಬೇಡವೋ?

ತಾರಿ ಇರುವ ಕಡೆಯಲ್ಲೆಲ್ಲ ಸೇತುವೆಯ ಮಾತು ಇದ್ದೇ ಇರುತ್ತದೆ. ಆಟ ಮಾಡುವವಳಾಗಿ ನನಗೆ ಸೇತುವೆ ಬೇಡ. ಬಂದರೆ ಆಟ ಮುಗಿಯಿತು. ಕೋಜಿ ಆಟಗಳು ಮುಗಿಯುವುದೂ ಇಲ್ಲ, ಅಲ್ಲಿ ಎಲ್ಲವೂ ಇದ್ದ ಹಾಗೇ ಇರಬೇಕು. ಆದರೆ ದೋಣಿಗೆ ಕಾಯುವಾಗ ಪಕ್ಕದಲ್ಲಿ ಕೂತಿದ್ದ ಅಕ್ಕನೊಬ್ಬಳನ್ನು ಸುಮ್ಮನೆ ಕೇಳಿದ್ದೆ, ದೋಣಿಯೇ ಚೆಂದ ಅಲ್ವಾ ಎಂದು. "ನಿಂಗೆ ಚೆಂದ" ಅಂದಳು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಹೊಳೆ ಚೆಂದ ಕಾಣುವುದಿಲ್ಲ ಎಂದೂ ಸೇರಿಸಿದಳು. ಅದಾದ ಮೇಲೆ ಸೇತುವೆಯಿಲ್ಲದ ಆಟ ಮಾಡುವುದು ನನ್ನಿಂದಾಗದು. ಕಾರವಾರದ ಕಾಳಿ ಹಳೆ ಸೇತುವೆಯೂ ನೆನಪಿದೆ. 2024ರ ಆಗಸ್ಟ್ 7ರ ನಡುರಾತ್ರಿ ಅದು ಕುಸಿದಾಗ ಲಾರಿಯೊಂದು ಹೊಳೆಗೆ ಬಿತ್ತು; ಚಾಲಕನನ್ನು ಬದುಕಿಸುವ ಕೆಲಸದಲ್ಲಿ ಸ್ಥಳೀಯ ಮೀನುಗಾರರೂ ಇದ್ದರು. ಸೇತುವೆ ಬಂದ ಮೇಲೂ ಹೊಳೆಯಲ್ಲಿ ದೋಣಿ ಇರಬೇಕಾಗುತ್ತದೆ.

ಸದ್ಯದ ತೀರ್ಮಾನ ಹೀಗಿದೆ. ಮೊದಲ ವರ್ಷ ಆಟಗಾರನಿಗೆ ದೂರದಲ್ಲಿ ಒಂದು ಕಂಬ ಕಾಣುತ್ತದೆ. ಮರುವರ್ಷ ಇನ್ನೆರಡು. ಅದನ್ನು ತಡೆಯುವ ಬಟನ್ ಇಲ್ಲ, ಬೇಗ ಮುಗಿಸುವ ಬಟನ್ನೂ ಇಲ್ಲ. ಪ್ರಯಾಣಿಕರು ಅದರ ಬಗ್ಗೆ ಬೇರೆ ಬೇರೆ ಮಾತಾಡುತ್ತಾರೆ, ಮಳೆಗಾಲದಲ್ಲಿ ಕೆಲಸ ನಿಲ್ಲುತ್ತದೆ, ಗುತ್ತಿಗೆದಾರ ಕಾಣೆಯಾಗುತ್ತಾನೆ, ಮತ್ತೆ ಶುರುವಾಗುತ್ತದೆ. ಮುಗಿದ ದಿನ ಆಟಗಾರನೂ ಅದರ ಮೇಲೆ ನಡೆದುಹೋಗಿ ಕೆಳಗೆ ನೋಡಬಹುದು. ದೋಣಿ ಅವನ ಹತ್ತಿರವೇ ಉಳಿಯುತ್ತದೆ, ಬಳಚು ಹೆಕ್ಕುವವರನ್ನು ದಿಬ್ಬಕ್ಕೆ ಬಿಡಲು, ಕರೆತರಲು. ಗೆಳೆಯನಿಗೆ ಹೇಳಿದರೆ ಇದು ಕೋಜಿ ಅಲ್ಲ ಅಂದ. ಅಣ್ಣನಿಗೆ ಹೇಳಿದರೆ, ಸೇತುವೆ ಇಷ್ಟು ಬೇಗ ಮುಗಿಯುವುದು ಆಟದಲ್ಲಿ ಮಾತ್ರ ಅಂದ.

ಕೋಡು ಬರೆಯುವುದನ್ನು ಗೊಡೊ ಎಂಬ ಉಚಿತ ಎಂಜಿನ್ ಇಟ್ಟುಕೊಂಡು ಕಲಿಯುತ್ತಿದ್ದೇನೆ. ನೀರು ಏರುತ್ತದೆ, ಇಳಿಯುತ್ತದೆ, ತಿಥಿಗೆ ಸರಿಯಾಗಿ. ದೋಣಿ ತೇಲುತ್ತದೆ. ಮೀನಿನ ಬುಟ್ಟಿ ಇಟ್ಟರೂ ತೇಲುತ್ತದೆ. ಬೈಕ್ ಹತ್ತಿಸಿದರೆ ಮಾತ್ರ ಮಗುಚಿಕೊಂಡು, ಬೈಕು ಯಾಕೋ ಆಕಾಶಕ್ಕೆ ಹಾರುತ್ತದೆ. ಈ ವಾರ ಅದರದ್ದೇ ಕೆಲಸ.